ಮನೆಯಿಂದ ಹೊಸ ಕೆಲಸ: ಶುರುವಿನಲ್ಲೇ ಮಾಡಿಕೊಳ್ಳಬೇಕಾದ ಏರ್ಪಾಡುಗಳು

ನನ್ನದು ಸಂಬಳದ ಲೆಕ್ಕ ನೋಡುವ ಕೆಲಸ. ಪೇರೋಲ್ ಅಂತಾರಲ್ಲ, ಅದು. ಪೂರ್ತಿ ಮನೆಯಿಂದಲೇ ಮಾಡುತ್ತೇನೆ. ಮನೆಯಲ್ಲಿ ಗಂಡ, ಅತ್ತೆ, ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಗಂಡನದು ಪಾಳಿ ಕೆಲಸ, ಅವರು ಮನೆಯಲ್ಲಿರುವ ಹೊತ್ತು ವಾರವಾರ ಬದಲಾಗುತ್ತದೆ. ಇಂಥದ್ದೇ ಮನೆಯಲ್ಲಿ ಕೆಲಸ ಶುರು ಮಾಡುವವರು ಯಾರಾದರೂ ಕೇಳಿದರೆ ನಾನು ಟೈಮ್‌ಟೇಬಲ್ ವಿಚಾರಕ್ಕೆ ಹೋಗುವುದೇ ಇಲ್ಲ. ನೀವು ಕೆಲಸ ಮಾಡುತ್ತಿದ್ದೀರಿ ಅನ್ನುವುದು ಮೊದಲು ಮನೆಯವರ ಕಣ್ಣಿಗೆ ಕಾಣಬೇಕು ಅನ್ನುತ್ತೇನೆ.

ಬಾಗಿಲಲ್ಲಿ ನಿಂತು ನೋಡುವವರಿಗೆ ಏನು ಕಾಣುತ್ತದೆ? ಒಬ್ಬಳು ಕುರ್ಚಿಯಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಿದ್ದಾಳೆ, ಅಷ್ಟೇ. ನೂರಾರು ಜನರ ಸಂಬಳ ತಾಳೆ ನೋಡುವಾಗಲೂ ಹಾಗೇ ಕಾಣುತ್ತೇನೆ, ಸುಮ್ನೆ ಏನೋ ವೀಡಿಯೊ ನೋಡುವಾಗಲೂ ಹಾಗೇ ಕಾಣುತ್ತೇನೆ. ಹೀಗಿರುವಾಗ ಅವರು ಬಂದು ಮಾತಾಡಿಸಿದರೆ ತಪ್ಪು ಅವರದ್ದಲ್ಲ. ಅದಕ್ಕೇ ಒಂದು ಗುರುತು ಬೇಕು.

ನಮ್ಮ ಮನೆಯಲ್ಲಿ ಆ ಗುರುತು ಮೇಜಿನ ಮೇಲಿನ ಪುಟ್ಟ ದೀಪ. ದೀಪ ಉರಿಯುತ್ತಿದ್ದರೆ ಕರೆಯಬಾರದು. ಆರಿದ್ದರೆ ಬಂದು ಮಾತಾಡಬಹುದು. ಬಾಗಿಲಿರುವ ಕೋಣೆ ಸಿಕ್ಕಿದರೆ ಬಾಗಿಲೇ ಸಾಕು. ಹೆಡ್‌ಫೋನ್ ಮಾತ್ರ ಗುರುತಾಗಿ ನಡೆಯುವುದಿಲ್ಲ, ಹಾಡು ಕೇಳುವಾಗಲೂ ಹಾಕಿಕೊಂಡಿರುತ್ತೇವೆ. ಇಲ್ಲೊಂದು ಷರತ್ತಿದೆ, ಇದನ್ನು ಬಿಟ್ಟರೆ ಎಲ್ಲಾ ಕೆಡುತ್ತದೆ. ದೀಪ ಇಡೀ ದಿನ ಉರಿಯಬಾರದು. ಬೆಳಗಿನಿಂದ ಸಂಜೆವರೆಗೆ ಹತ್ತಿಸಿಟ್ಟರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೀಟಿಂಗ್ ಇದ್ದಾಗ, ಲೆಕ್ಕ ತಾಳೆ ನೋಡುವಾಗ ಮಾತ್ರ ಹತ್ತಿಸುತ್ತೇನೆ. ಮೇಲ್ ವಿಂಗಡಿಸುವುದು, ಫೈಲ್ ಜೋಡಿಸುವುದು ಇಂಥವಕ್ಕೆ ಆರಿಸುತ್ತೇನೆ. ಆಗ ಮಗ ಪಕ್ಕದಲ್ಲೇ ಚಿತ್ರ ಬರೆದುಕೊಂಡು ಕೂತರೂ ಕೆಲಸ ಸಾಗುತ್ತದೆ.

ದೀಪ ಉರಿಯುವಾಗಲೂ ಯಾವುದಕ್ಕೆ ಕರೆಯಬಹುದು ಅನ್ನುವುದನ್ನೂ ಮೊದಲೇ ಹೇಳಿಬಿಡಬೇಕು. ನಾನು ಅತ್ತೆಗೆ ಹೇಳಿದ್ದು ಹೀಗೆ: “ಅತ್ತೆ, ಯಾರಾದರೂ ಬಿದ್ದರೆ, ರಕ್ತ ಬಂದರೆ, ನಿಮಗೇ ಆರಾಮಿಲ್ಲ ಅನ್ನಿಸಿದರೆ ಒಂದು ಕ್ಷಣವೂ ಯೋಚಿಸಬೇಡಿ, ಬಂದು ಭುಜ ಮುಟ್ಟಿ. ಬಾಗಿಲಿಗೆ ಯಾರೋ ಬಂದಿದ್ದಾರೆ, ಮಕ್ಕಳು ಜಗಳ ಆಡ್ತಿದ್ದಾರೆ ಅಂದರೆ ದೀಪ ಆರುವವರೆಗೆ ನೀವೇ ನೋಡ್ಕೊಳ್ಳಿ.” ಹಿರಿಯರಿಗೆ ‘ತೊಂದರೆ ಕೊಡಬೇಡಿ’ ಅಂದರೆ ನೋವಾಗುತ್ತದೆ. ಇಂಥದ್ದಕ್ಕೆ ಖಂಡಿತ ಕರೆಯಿರಿ ಅಂತ ಶುರು ಮಾಡಿದರೆ ಮಿಕ್ಕಿದ್ದು ತಾನಾಗಿ ಅರ್ಥವಾಗುತ್ತದೆ.

ನಾಲ್ಕು ವರ್ಷದವನಿಗೆ ‘ಅರ್ಧ ಗಂಟೆ’ ಅಂದರೆ ಏನೂ ಅಲ್ಲ. ಅವನಿಗೆ ಮುಳ್ಳಿನ ಗಡಿಯಾರ ಬೇಕು. ಗಾಜಿನ ಮೇಲೆ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿ, “ದೊಡ್ಡ ಮುಳ್ಳು ಇದನ್ನ ಮುಟ್ಟಿದಾಗ ಅಮ್ಮ ಎದ್ದು ಬರ್ತಾಳೆ” ಅನ್ನಿ. ಮುಟ್ಟಿದಾಗ ಎದ್ದು ಹೋಗಲೇಬೇಕು. ಎರಡು ನಿಮಿಷ ಅವನ ಜೊತೆ ಕೂತು ವಾಪಸ್ ಬಂದರೂ ಪರವಾಗಿಲ್ಲ. “ಇನ್ನೊಂದೇ ಮೇಲ್ ಕಂದಾ” ಅಂತ ಒಂದೆರಡು ಸಲ ಅಂದರೆ ಸ್ಟಿಕ್ಕರ್‌ಗೆ ಬೆಲೆ ಹೋಯಿತು ಅಂತಲೇ ತಿಳಿಯಿರಿ. ಆಮೇಲೆ ಅವನು ಗಡಿಯಾರ ನೋಡುವುದಿಲ್ಲ, ನೇರವಾಗಿ ನಿಮ್ಮ ತೋಳು ಎಳೆಯುತ್ತಾನೆ.

ಎಷ್ಟೇ ಏರ್ಪಾಡು ಮಾಡಿದರೂ ಮಧ್ಯೆ ಎದ್ದು ಹೋಗುವುದು ತಪ್ಪುವುದಿಲ್ಲ. ಅದಕ್ಕೊಂದು ಉಪಾಯವಿದೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಅವರ ವಾದ. ಮಗುವಿಗೆ ಶೂ ಹಾಕುವಾಗಲೂ ತಲೆಯಲ್ಲಿ ಎಕ್ಸೆಲ್ ಓಡುತ್ತಿರುತ್ತದಲ್ಲ, ಅದೇ ಇದು. 2018ರಲ್ಲಿ ಅವರೂ ಥೆರೆಸಾ ಗ್ಲಾಂಬ್ ಅವರೂ ಸೇರಿ ಪರಿಹಾರವನ್ನೂ ತೋರಿಸಿದರು. ಏಳುವ ಮುಂಚೆ, ಎಲ್ಲಿ ನಿಲ್ಲಿಸಿದೆ, ವಾಪಸ್ ಬಂದು ಏನು ಮಾಡಬೇಕು ಅಂತ ಚುಟುಕಾಗಿ ಬರೆದಿಟ್ಟರೆ ಮುಂದಿನ ಕೆಲಸಕ್ಕೆ ಮನಸ್ಸು ಜಾಸ್ತಿ ಸಿಗುತ್ತದೆ. ನನ್ನ ಕೀಬೋರ್ಡ್ ಪಕ್ಕದಲ್ಲಿ ಯಾವಾಗಲೂ ಒಂದು ಚೀಟಿ ಕಟ್ಟು ಇರುತ್ತದೆ. “ಓವರ್‌ಟೈಮ್ ಕಾಲಂ, 84ನೇ ಸಾಲಿನವರೆಗೆ ಆಗಿದೆ, ಮುಂದೆ ರಜೆ ಕಡಿತ ನೋಡು.” ಇಷ್ಟು ಬರೆಯಲು ಎಷ್ಟು ಹೊತ್ತು ಬೇಕು? ಬರೆದು ಎದ್ದರೆ ಮಗನ ಮಾತು ನಿಜವಾಗಿಯೂ ಕಿವಿಗೆ ಬೀಳುತ್ತದೆ.

ಇನ್ನು ಆಫೀಸಿನ ಕಡೆ. ಹೊಸ ಕೆಲಸ ಅಂದಮೇಲೆ ಅಲ್ಲಿ ಯಾರಿಗೂ ನಿಮ್ಮ ಪರಿಚಯವಿರುವುದಿಲ್ಲ. ಒಳ್ಳೆಯ ಹೆಸರು ತೆಗೆದುಕೊಳ್ಳಬೇಕು ಅಂತ ರಾತ್ರಿ ಒಂಬತ್ತಕ್ಕೆ ಬಂದ ಮೆಸೇಜಿಗೂ ತಟ್ಟನೆ ಉತ್ತರ ಕೊಡುವ ಆಸೆ ಬರುತ್ತದೆ. ತಡೆದುಕೊಳ್ಳಿ. ಶುರುವಿನಲ್ಲಿ ನೀವು ಹೇಗಿರುತ್ತೀರೋ ಅದನ್ನೇ ಅವರು ನಿಮ್ಮ ರೀತಿ ಅಂದುಕೊಳ್ಳುತ್ತಾರೆ. ಆಮೇಲೆ ಕಡಿಮೆ ಮಾಡಿದರೆ ಸೋಮಾರಿಯಾದಳು ಅನ್ನುತ್ತಾರೆ. ರಾತ್ರಿ ಏನಾದರೂ ಹೊಳೆದರೆ ಬರೆದಿಡಿ, ಮೇಲ್ ಬೆಳಿಗ್ಗೆ ಹೋಗುವ ಹಾಗೆ ಶೆಡ್ಯೂಲ್ ಮಾಡಿ. ಔಟ್‌ಲುಕ್‌ನಲ್ಲೂ ಜಿಮೇಲ್‌ನಲ್ಲೂ ಆ ಸೌಲಭ್ಯವಿದೆ.

ಮ್ಯಾನೇಜರ್ ಜೊತೆ ಮೊದಲ ವಾರದಲ್ಲೇ ಮಾತಾಡಿ. ಮನೆಯ ಕಥೆಯೆಲ್ಲ ಬೇಕಿಲ್ಲ, ಬದಲಾಯಿಸಲಾಗದ ಹೊತ್ತು ಯಾವುದು ಅಂತ ಹೇಳಿದರೆ ಸಾಕು. “ಮಧ್ಯಾಹ್ನ ಮೂರೂವರೆಯಿಂದ ನಾಲ್ಕರವರೆಗೆ ಮಗಳನ್ನು ಸ್ಕೂಲಿನಿಂದ ಕರೆತರಬೇಕು, ಆಗ ಸಿಗುವುದಿಲ್ಲ. ಆ ಅರ್ಧ ಗಂಟೆಯನ್ನು ಬೆಳಿಗ್ಗೆ ಬೇಗ ಶುರು ಮಾಡಿ ಸರಿದೂಗಿಸುತ್ತೇನೆ.” ಹೇಳಿ, ಕ್ಯಾಲೆಂಡರ್‌ನಲ್ಲೂ ಆ ಹೊತ್ತನ್ನು ಬ್ಲಾಕ್ ಮಾಡಿ. ಸುಮ್ಮನೆ ಕದ್ದು ಎದ್ದು ಹೋಗುವವರು ದಿನಾ ಒಂದು ಹೆದರಿಕೆ ಹೊತ್ತುಕೊಂಡು ಓಡಾಡುತ್ತಾರೆ. ಹೇಳಿ ಹೋಗುವವರಿಗೆ ಆ ಹೆದರಿಕೆ ಇಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. “ಹೇಗೂ ಮನೆಯಲ್ಲೇ ಇರ್ತೀಯಲ್ಲ!” ಈ ಮಾತು ಗಂಡನಿಂದ ಬರುತ್ತದೆ, ತವರಿನಿಂದ ಬರುತ್ತದೆ, ಪಕ್ಕದ ಮನೆಯಿಂದಲೂ ಬರುತ್ತದೆ. ರಿಪೇರಿಯವನು ಬರುತ್ತಾನೆ ನೋಡ್ಕೋ, ಪಾರ್ಸೆಲ್ ತಗೋ, ಬ್ಯಾಂಕಿಗೆ ಹೋಗಿ ಬಾ. ಒಂದೊಂದೂ ಚಿಕ್ಕದೇ. ಎಲ್ಲಾ ಸೇರಿದರೆ ಮಧ್ಯಾಹ್ನ ಹೋಯಿತು. ನಾನು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ನಾನು ಆಫೀಸಿಗೆ ಹೋಗುತ್ತಿದ್ದರೆ ಇದನ್ನು ಯಾರು ಮಾಡುತ್ತಿದ್ದರು? ಉತ್ತರದಲ್ಲಿ ಬಂದ ಹೆಸರಿನವರೇ ಈಗಲೂ ಮಾಡಬೇಕು. ಯಾರೂ ಇಲ್ಲದಿದ್ದರೆ ಅದು ಸಂಜೆಗೋ ರಜಾ ದಿನಕ್ಕೋ ಹೋಗುತ್ತದೆ.

ಇದರಲ್ಲಿ ತೀರಾ ಬಿಗಿಯಾಗಬೇಕಿಲ್ಲ. ಬಟ್ಟೆಯನ್ನು ಮೆಷಿನ್‌ಗೆ ಹಾಕಿ ಬಟನ್ ಒತ್ತುವುದು ನೀರು ಕುಡಿಯಲು ಎದ್ದಾಗ ಆಗಿಹೋಗುತ್ತದೆ, ಬೆನ್ನಿಗೂ ಒಳ್ಳೆಯದು. ಅದನ್ನು ಒಣಗಹಾಕಿ, ಮಡಚಿ, ಕಪಾಟಿಗೆ ಸೇರಿಸುವುದು ಬೇರೆ ಕೆಲಸ. ಅದು ಹಗಲಿನದ್ದಲ್ಲ.

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇನ್ನೊಂದು ತೀರ್ಮಾನ ಮೊದಲೇ ಆಗಬೇಕು. ಸ್ಕೂಲಿನಿಂದ ಫೋನ್ ಬಂದರೆ ಯಾರು ಹೋಗುವುದು? ಮನೆಯಲ್ಲಿರುವವರೇ ಅಂತ ತಾನಾಗಿ ಆಗಿಬಿಡುತ್ತದೆ, ಅದಕ್ಕೆ ಬಿಡಬೇಡಿ. “ರೀ, ಈ ವಾರ ನಿಮ್ಮದು ರಾತ್ರಿ ಪಾಳಿ, ಮಧ್ಯಾಹ್ನದ ಫೋನ್ ನಿಮ್ಮದು. ಮುಂದಿನ ವಾರ ನನ್ನದು” ಅಂತ ಭಾನುವಾರ ರಾತ್ರಿ ಕೂತು ಮಾತಾಡಿಕೊಳ್ಳುತ್ತೇವೆ. ಸ್ಕೂಲಿನಲ್ಲಿ ಇಬ್ಬರ ನಂಬರೂ ಕೊಟ್ಟಿರುತ್ತೀರಿ, ಆದರೆ ಅವರು ಕರೆಯುವುದು ಮೊದಲು ಬರೆದ ನಂಬರಿಗೇ. ಅದು ಯಾರದ್ದು ಅಂತ ಒಮ್ಮೆ ನೋಡಿ.

ಲ್ಯಾಪ್‌ಟಾಪ್ ಬಗ್ಗೆ ಚುಟುಕಾಗಿ. ಎದ್ದಾಗಲೆಲ್ಲ ಲಾಕ್ ಮಾಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಎಲ್, ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ. ನನ್ನ ಪರದೆಯಲ್ಲಿ ಬೇರೆಯವರ ಸಂಬಳ ಇರುತ್ತದೆ, ಹಾಗಾಗಿ ಮಕ್ಕಳಿಗೆ ಆಟಕ್ಕೆ ಅಂತ ಅದನ್ನು ಕೊಡುವ ಪ್ರಶ್ನೆಯೇ ಇಲ್ಲ. ಮೀಟಿಂಗ್ ನಡುವೆ ಧ್ವನಿ ತುಂಡಾಗುತ್ತಿದ್ದರೆ ಅಡುಗೆಮನೆ ಕಡೆ ಒಮ್ಮೆ ನೋಡಿ. ಮೈಕ್ರೋವೇವ್ ಓವನ್ ಮತ್ತು 2.4 ಗಿಗಾಹರ್ಟ್ಸ್ ವೈಫೈ ಹೆಚ್ಚುಕಡಿಮೆ ಒಂದೇ ಬಗೆಯ ರೇಡಿಯೊ ಅಲೆಗಳನ್ನು ಬಳಸುತ್ತವೆ, ಹಾಗಾಗಿ ಓವನ್ ಓಡುವಾಗ ವೈಫೈಗೆ ಅಡ್ಡಿಯಾಗಬಹುದು. ರೂಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಇಲ್ಲವೇ ಕೇಬಲ್ ಎಳೆಯಿರಿ.

ಮೀಟಿಂಗ್‌ಗೆ ಮಗು ನುಗ್ಗಿದರೆ? 2017ರ ಮಾರ್ಚ್‌ನಲ್ಲಿ ಬಿಬಿಸಿ ನೇರ ಪ್ರಸಾರದಲ್ಲಿ ಮಾತಾಡುತ್ತಿದ್ದ ಪ್ರೊಫೆಸರ್ ರಾಬರ್ಟ್ ಕೆಲ್ಲಿ ಅವರ ಕೋಣೆಗೆ ಇಬ್ಬರು ಮಕ್ಕಳು ನುಗ್ಗಿದ್ದನ್ನು ಜಗತ್ತೇ ನೋಡಿತು. ಬಾಗಿಲಿಗೆ ಬೀಗ ಹಾಕುವುದು ಮರೆತಿತ್ತಂತೆ. ಅವರ ಮರ್ಯಾದೆಯೇನೂ ಹೋಗಲಿಲ್ಲ, ಜನ ಅವರನ್ನು ಇನ್ನೂ ಹಚ್ಚಿಕೊಂಡರು. ಮ್ಯೂಟ್ ಮಾಡಿ, “ಒಂದು ನಿಮಿಷ” ಅನ್ನಿ, ಮಗುವನ್ನು ಕಳಿಸಿ ಬನ್ನಿ. ಉದ್ದುದ್ದ ಕ್ಷಮೆ ಕೇಳುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ.

ಸಂಜೆ ಕೆಲಸ ಮುಗಿಸುವುದಕ್ಕೂ ಒಂದು ಕ್ರಮ ಬೇಕು. ನಾಳೆಯ ಮೊದಲ ಕೆಲಸವನ್ನು ಚೀಟಿಯಲ್ಲಿ ಬರೆಯಿರಿ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ ಡ್ರಾಯರ್‌ಗೆ ಹಾಕಿ. ಫೋನಿನಲ್ಲಿ ಆಫೀಸ್ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ಆಮೇಲೆ ಮನೆಯಿಂದ ಹೊರಗೆ ಹೋಗಿ ಹತ್ತು ನಿಮಿಷ ನಡೆದು ಬನ್ನಿ. ಆಫೀಸಿನಿಂದ ಬರುವ ದಾರಿಯಲ್ಲಿ ತಲೆ ಖಾಲಿಯಾಗುತ್ತಿತ್ತಲ್ಲ, ಆ ದಾರಿ ಈಗ ಇಲ್ಲ. ಕುರ್ಚಿಯಿಂದ ಎದ್ದು ನೇರ ಅಡುಗೆಮನೆಗೆ ಹೋದರೆ ಆಫೀಸಿನ ಸಿಟ್ಟೆಲ್ಲ ಮಕ್ಕಳ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಮಾಮೂಲಿ ದಿನಗಳಿಗೆ. ನನಗೆ ತಿಂಗಳ ಕೊನೆ ಬೇರೆಯದೇ ಕಾಲ. ಸಂಬಳ ತಡವಾಗುವ ಹಾಗಿಲ್ಲ. ಆ ದಿನಗಳನ್ನು ಒಂದು ವಾರ ಮೊದಲೇ ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಮಾಡುತ್ತೇನೆ. ಆಗ ಮನೆ ಸ್ವಲ್ಪ ಕೊಳಕಾಗಿರುತ್ತದೆ, ಅಡುಗೆ ಸರಳವಾಗಿರುತ್ತದೆ, ಮಗಳ ಹೋಂವರ್ಕ್ ಅವಳ ಅಪ್ಪನ ಪಾಲಿಗೆ ಹೋಗುತ್ತದೆ. ಮೊದಲೇ ಗೊತ್ತಿದ್ದರೆ ಯಾರೂ ಗೊಣಗುವುದಿಲ್ಲ.

ಮಗುವಿಗೆ ಜ್ವರ ಬಂದ ದಿನ ಮಾತ್ರ ಎರಡನ್ನೂ ಒಟ್ಟಿಗೆ ಎಳೆಯಲು ಹೋಗಬೇಡಿ. ರಜೆ ಹಾಕಿ. ರಜೆ ಸಿಗದಿದ್ದರೆ ಬೆಳಿಗ್ಗೆಯೇ ಮ್ಯಾನೇಜರ್‌ಗೆ ಬರೆಯಿರಿ: ಇಂದು ಈ ಎರಡು ಗಂಟೆ ಸಿಗುತ್ತೇನೆ, ಈ ಒಂದು ಕೆಲಸ ಮುಗಿಸುತ್ತೇನೆ, ಮಿಕ್ಕಿದ್ದು ನಾಳೆ.