ಸಾವಿನ ಚಿತ್ರಗಳನ್ನು ನಾನು ಓದುವ ಬಗೆ

15ನೇ ಶತಮಾನದ ಜರ್ಮನಿಯಲ್ಲಿ ಸಾವು ಅಸ್ಥಿಪಂಜರವಾಗಿ ಬಂದು ಜನರ ಕೈ ಹಿಡಿದು ಕುಣಿಸುತ್ತಿತ್ತು. 18ನೇ ಶತಮಾನದ ಕೊನೆಯ ಹೊತ್ತಿಗೆ ಅದೇ ಸಾವು ಪಂಜನ್ನು ತಲೆಕೆಳಗಾಗಿ ಹಿಡಿದು ನಿಂತ ಚೆಂದದ ಹುಡುಗನಾಗಿತ್ತು. ಚಿತ್ರ ಯಾಕೆ ಬದಲಾಯಿತು? ಜರ್ಮನ್ ಸಾಹಿತ್ಯದ ಸಂಶೋಧಕಿಯಾಗಿ ನಾನು ಮಾಡಿದ ಕೆಲಸವೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತೆ. ಎಂ.ಎ. ಆದ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಪಿಎಚ್‌ಡಿಗೆ ಜರ್ಮನಿಗೆ ಬಂದೆ. ಕಾವ್ಯದಲ್ಲಿ ಸಾವಿನ ವರ್ಣನೆ ಅಂತ ವಿಷಯ ಇಟ್ಟುಕೊಂಡು ಹೋದಾಗ ನನ್ನ ಗೈಡ್ ಕೇಳಿದ್ದು ಇಷ್ಟೇ: "ಈ ಪದ್ಯವನ್ನು ಜನ ಎಲ್ಲಿ ನಿಂತು ಓದುತ್ತಿದ್ದರು? ದುಡ್ಡು ಕೊಟ್ಟವರು ಯಾರು?" ಅವತ್ತಿನಿಂದ ಯಾವ ಚಿತ್ರ, ಯಾವ ಪದ್ಯ ಕೈಗೆ ಬಂದರೂ ನಾನು ಮೊದಲು ಕೇಳೋದು ಇದನ್ನೇ.

ಉತ್ತರ ಜರ್ಮನಿಯ ಲ್ಯೂಬೆಕ್ ಊರಿನ ಮರಿಯಾ ಚರ್ಚಿನಲ್ಲಿ 1463ರಲ್ಲಿ ಬೆರ್ನ್ಟ್ ನೋಟ್ಕೆ ಸಾವಿನ ಕುಣಿತವನ್ನು ಚಿತ್ರಿಸಿದ. ಪೋಪ್, ಚಕ್ರವರ್ತಿ, ರಾಣಿ, ವ್ಯಾಪಾರಿ, ರೈತ, ತೊಟ್ಟಿಲ ಮಗು, ಎಲ್ಲರೂ ಸಾಲಾಗಿ ನಿಂತಿದ್ದಾರೆ. ಇಬ್ಬರ ನಡುವೆ ಒಂದೊಂದು ಸಾವು. ಪ್ರತಿಯೊಬ್ಬರ ಕೆಳಗೂ ಪದ್ಯ: ಮನುಷ್ಯ ಅಳುತ್ತಾನೆ, ಸಾವು ಉತ್ತರ ಕೊಡುತ್ತದೆ. ಆ ಪದ್ಯಗಳು ಲ್ಯಾಟಿನ್‌ನಲ್ಲಿಲ್ಲ, ಊರಿನ ಜನ ಆಡುತ್ತಿದ್ದ ಉತ್ತರದ ಜರ್ಮನ್‌ನಲ್ಲಿವೆ. ಹಿನ್ನೆಲೆಯಲ್ಲಿ ಕಾಣೋದು ಲ್ಯೂಬೆಕ್ ಊರೇ. ಚರ್ಚಿಗೆ ಬಂದವನು ತನ್ನ ಊರಿನ ಗೋಪುರಗಳ ಮುಂದೆಯೇ ತನ್ನಂಥವನ ಕೈಯನ್ನು ಸಾವು ಹಿಡಿದಿದ್ದನ್ನು ನೋಡುತ್ತಿದ್ದ. ಬರೀ ಪದ್ಯ ಓದಿದ್ದರೆ ಇದು ನನಗೆ ತಿಳಿಯುತ್ತಲೇ ಇರಲಿಲ್ಲ.

ಆ ಚಿತ್ರವನ್ನು ಈಗ ಅಲ್ಲಿ ನೋಡಲು ಆಗುವುದಿಲ್ಲ. ಹಳೆಯದು ಹಾಳಾಗಿದ್ದರಿಂದ 1701ರಲ್ಲಿ ಅದರ ನಕಲು ಮಾಡಿಸಿ, ಹೊಸ ಕಾಲದ ಜರ್ಮನ್‌ನಲ್ಲಿ ಹೊಸ ಪದ್ಯ ಬರೆಸಿದರು. ಆ ನಕಲು 1942ರ ಮಾರ್ಚ್ ತಿಂಗಳ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಯುದ್ಧಕ್ಕೆ ಮುಂಚೆ ತೆಗೆದ ಕಪ್ಪು-ಬಿಳುಪು ಫೋಟೋಗಳೇ ನಮಗೆ ಗತಿ. ನೋಟ್ಕೆಯದೇ ಇನ್ನೊಂದು ಸಾವಿನ ಕುಣಿತದ ತುಂಡು ಎಸ್ಟೋನಿಯಾದ ಟ್ಯಾಲಿನ್ ನಗರದಲ್ಲಿ ಉಳಿದಿದೆ. ಈ ಕ್ಷೇತ್ರಕ್ಕೆ ಬರುವವರು ಅದನ್ನು ಕಣ್ಣಾರೆ ನೋಡಲೇಬೇಕು. ಪುಸ್ತಕದಲ್ಲಿ ಅದರ ಎತ್ತರ ಗೊತ್ತಾಗಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರವಾದ ಸಾಮಗ್ರಿ ಶವಸಂಸ್ಕಾರದ ಪ್ರವಚನಗಳು. 16ನೇ ಶತಮಾನದಿಂದ ಸುಮಾರು 1750ರವರೆಗೆ ಲೂಥರನ್ (ಮಾರ್ಟಿನ್ ಲೂಥರ್‌ನ ಪ್ರೊಟೆಸ್ಟಂಟ್ ಕ್ರೈಸ್ತ ಪಂಥದ) ಮನೆತನಗಳು ಇವನ್ನು ಅಚ್ಚು ಹಾಕಿಸಿ ನೆಂಟರಿಗೆ, ಸ್ನೇಹಿತರಿಗೆ ಹಂಚುತ್ತಿದ್ದವು. ವೋಲ್ಫನ್‌ಬ್ಯೂಟೆಲ್‌ನ ಹಳೆಯ ಗ್ರಂಥಾಲಯದಲ್ಲಿ ಇಂಥವು ಸಾವಿರಾರು ಇವೆ. ಸತ್ತವರ ಹುಟ್ಟು, ಮದುವೆ, ಮಕ್ಕಳು, ಕೊನೆಯ ಕಾಯಿಲೆ, ಕೊನೆಯ ಪ್ರಾರ್ಥನೆ ಎಲ್ಲ ಅದರಲ್ಲಿರುತ್ತದೆ. ಕೊನೆಯ ಗಳಿಗೆಯ ವಿವರ ಮಾತ್ರ ತುಂಬಾ ದೀರ್ಘ. ಅದಕ್ಕೆ ಕಾರಣವಿದೆ. ಲೂಥರ್‌ನ ದಾರಿ ಹಿಡಿದವರು, ಸತ್ತ ಮೇಲೆ ಆತ್ಮವನ್ನು ತೊಳೆಯುವ ಇನ್ನೊಂದು ಲೋಕವಿದೆ ಅಂತ ನಂಬುತ್ತಿರಲಿಲ್ಲ. ಸತ್ತವರ ಪರವಾಗಿ ಮಾಡುವ ಪೂಜೆಯೂ ಹೋಯಿತು. ಹಾಗಾಗಿ ಮನುಷ್ಯ ನೆಮ್ಮದಿಯಿಂದ, ನಂಬಿಕೆ ಬಿಡದೆ ಸತ್ತ ಎಂದು ತೋರಿಸುವುದೇ ಮನೆಯವರಿಗೆ ಸಮಾಧಾನ. ಹೆರಿಗೆಯಲ್ಲಿ ತೀರಿಕೊಂಡ ಹೆಣ್ಣುಮಕ್ಕಳ ಪ್ರವಚನ ಓದುವಾಗ ಈಗಲೂ ನನಗೆ ಕಷ್ಟವಾಗುತ್ತದೆ. ಅವರಲ್ಲಿ ಎಷ್ಟೋ ಜನರ ಬದುಕಿನ ಬಗ್ಗೆ ಉಳಿದಿರುವ ಬರಹ ಅದೊಂದೇ.

1769ರಲ್ಲಿ ಜರ್ಮನ್ ಬರಹಗಾರ ಲೆಸಿಂಗ್ ಒಂದು ಪ್ರಬಂಧ ಬರೆದ. ಗ್ರೀಕರು, ರೋಮನ್ನರು ಸಾವನ್ನು ಅಸ್ಥಿಪಂಜರವಾಗಿ ತೋರಿಸಲಿಲ್ಲ, ನಿದ್ದೆಯ ಅವಳಿ ಸಹೋದರನಂತೆ, ಪಂಜನ್ನು ತಲೆಕೆಳಗಾಗಿ ಹಿಡಿದ ಹುಡುಗನಾಗಿ ತೋರಿಸಿದರು ಅನ್ನೋದು ಅವನ ವಾದ. ಮುಂದಿನ ವರ್ಷವೇ ಅವನು ವೋಲ್ಫನ್‌ಬ್ಯೂಟೆಲ್‌ನ ಅದೇ ಗ್ರಂಥಾಲಯದ ಅಧಿಕಾರಿಯಾದ. ಮುಂದೆ ಸ್ಮಶಾನಗಳಲ್ಲಿ ತಲೆಕೆಳಗಾದ ಪಂಜು ಜಾಸ್ತಿಯಾಯಿತು. ಆದರೆ ಅಸ್ಥಿಪಂಜರ ಪೂರ್ತಿ ಹೋಗಲಿಲ್ಲ. 1849ರಲ್ಲಿ ಜರ್ಮನ್ ಚಿತ್ರಕಾರ ಆಲ್ಫ್ರೆಡ್ ರೆಥೆಲ್ ಆರು ಮರದಚ್ಚಿನ ಚಿತ್ರಗಳಲ್ಲಿ ಸಾವನ್ನು ಕ್ರಾಂತಿಯ ನಾಯಕನನ್ನಾಗಿ ಮಾಡಿದ. ಅದು ಜನರನ್ನು ಹುರಿದುಂಬಿಸಿ ಗುಂಡಿಗೆ ಬಲಿ ಕೊಡುತ್ತದೆ. ಕ್ರಾಂತಿಗೆ ಹೆದರಿದ್ದವರಿಗೆ ಈ ಚಿತ್ರ ಎಷ್ಟು ಅನುಕೂಲವಾಯಿತು ನೋಡಿ. ಸಾವಿನ ಚಿತ್ರ ಬರೀ ಸಾವಿನ ಬಗ್ಗೆ ಇರುವುದು ತೀರಾ ಕಡಿಮೆ. ನಾನು ಕಂಡುಕೊಂಡದ್ದು ಇದು.

ಈ ದಾರಿಗೆ ಬರಬೇಕು ಅನ್ನುವವರಿಗೆ ಒಂದೆರಡು ಮಾತು. ಭಾಷೆ ಗೊತ್ತಿದ್ದರೆ ಸಾಲದು. ಹಳೆಯ ಅಚ್ಚಿನ ಲಿಪಿ ಫ್ರಾಕ್ಟೂರ್ ಬೇಗ ಬರುತ್ತದೆ. ಕೈಬರಹದ ಲಿಪಿ ಕುರೆಂಟ್‌ಗೆ ದಿನಾ ಕೂತು ಅಭ್ಯಾಸ ಮಾಡಬೇಕು. ಲ್ಯಾಟಿನ್ ಸ್ವಲ್ಪವಾದರೂ ಬೇಕು. ಕೆಲಸದ ವಿಷಯ ಮೊದಲೇ ತಿಳಿದಿರಲಿ: ಜರ್ಮನಿಯ 2007ರ ಕಾನೂನಿನ ಪ್ರಕಾರ ಅಲ್ಲಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪಿಎಚ್‌ಡಿಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷದವರೆಗೆ ಗುತ್ತಿಗೆಯ ಮೇಲೆ ಇಟ್ಟುಕೊಳ್ಳಬಹುದು. ಅಷ್ಟರೊಳಗೆ ಪ್ರೊಫೆಸರ್ ಹುದ್ದೆ ಸಿಗದಿದ್ದರೆ ಕಷ್ಟ. ಸಾಹಿತ್ಯ ವಿಭಾಗಗಳಲ್ಲಿ ಖಾಯಂ ಹುದ್ದೆಗಳು ಕಡಿಮೆ. ನನ್ನ ಜೊತೆ ಓದಿದ ಜಾಣರು ಎಷ್ಟೋ ಜನ ಬೇರೆ ಕೆಲಸಕ್ಕೆ ಹೋದರು. ಅದು ನನಗೆ ಇವತ್ತಿಗೂ ಬೇಜಾರಿನ ಸಂಗತಿ.

ಈಗ ನಾನು ಶ್ರವಣಬೆಳಗೊಳದ ನಿಷಿಧಿ ಶಾಸನಗಳನ್ನು ಓದಲು ಶುರು ಮಾಡಿದ್ದೇನೆ. ಸಲ್ಲೇಖನ, ಅಂದರೆ ಉಪವಾಸವಿದ್ದು ಸಾವನ್ನು ಬರಮಾಡಿಕೊಳ್ಳುವ ಜೈನ ವ್ರತದಿಂದ ದೇಹ ಬಿಟ್ಟವರ ಹೆಸರು, ಅವರ ಗುರುಗಳು, ಅವರು ಸತ್ತ ರೀತಿ ಕಲ್ಲಿನ ಮೇಲಿದೆ. ನಂಬಿಕೆ ಬೇರೆ, ಕಾಲ ಬೇರೆ. ಪ್ರವಚನಗಳ ಜೊತೆ ಸುಮ್ನೆ ಹೋಲಿಸಿಬಿಡುವುದು ನನಗೆ ಇಷ್ಟವಿಲ್ಲ. ಆದರೆ ಕಲ್ಲು ನಿಲ್ಲಿಸಿದವರು ಯಾರು, ಅದನ್ನು ಓದಬೇಕಾಗಿದ್ದವರು ಯಾರು ಅಂತ ಇಲ್ಲೂ ಕೇಳಬಹುದಲ್ವಾ? ಅದಕ್ಕಾಗಿ ಹಳಗನ್ನಡವನ್ನು ಮತ್ತೆ ಮೊದಲಿನಿಂದ ಕಲಿಯುತ್ತಿದ್ದೇನೆ.