ಅಮ್ಮನ ಸೊಂಟನೋವಿಗೆ ಅಕ್ಯುಪಂಕ್ಚರ್: ಅಮೆರಿಕದ ಮೆಡಿಕೇರ್‌ನಲ್ಲಿ ಪಡೆಯುವುದು ಹೇಗೆ?

ಮಾತ್ರೆ ನುಂಗಿ ಸಾಕಾಗಿರುವ ಅಮ್ಮ ಒಂದು ದಿನ ‘ಆ ಸೂಜಿ ಚುಚ್ತಾರಲ್ಲ, ಅದನ್ನಾದ್ರೂ ನೋಡೋಣ್ವಾ’ ಅಂತಾರೆ. ನೋಡಬಹುದು. ಮುಖ್ಯವಾಗಿ 65 ದಾಟಿದವರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ 2020ರ ಜನವರಿಯಿಂದ ಇದಕ್ಕೆ ಹಣ ಕೊಡುತ್ತಿದೆ. ಆದರೆ ಸೊಂಟನೋವಿಗೆ ಮಾತ್ರ. ಮಂಡಿನೋವು, ತಲೆನೋವು ಯಾವುದಕ್ಕೂ ಇಲ್ಲ.

ಮೊದಲು ಅವರಿಗೆ ಪಾರ್ಟ್ ಬಿ, ಅಂದರೆ ಮೆಡಿಕೇರ್‌ನಲ್ಲಿ ಡಾಕ್ಟರ ಭೇಟಿಯಂಥ ಖರ್ಚು ನೋಡಿಕೊಳ್ಳುವ ಭಾಗ, ಇದೆಯಾ ನೋಡಿ. 65 ದಾಟಿ, ಗ್ರೀನ್ ಕಾರ್ಡ್ ಮೇಲೆ 5 ವರ್ಷ ಸತತವಾಗಿ ಅಲ್ಲೇ ಇದ್ದವರು ಕಂತು ಕಟ್ಟಿ ಪಡೆಯಬಹುದು. ಆರು ತಿಂಗಳು ಮೊಮ್ಮಕ್ಕಳನ್ನು ನೋಡಲು ಬಂದವರಿಗೆ ಸಿಗುವುದಿಲ್ಲ.

ಆಮೇಲೆ ಮಾಮೂಲಿ ಡಾಕ್ಟರ ಹತ್ತಿರ ಹೋಗಿ, ನೋವು ಶುರುವಾಗಿ 12 ವಾರ ಆಗಿದೆ ಅನ್ನುವುದನ್ನು ಫೈಲಿನಲ್ಲಿ ಬರೆಸಿ. ಕ್ಯಾನ್ಸರ್, ಸೋಂಕಿನಿಂದ ಬಂದ ನೋವು, ಆಪರೇಷನ್ನಿನಿಂದ ಬಂದ ನೋವು ಈ ಲೆಕ್ಕಕ್ಕೆ ಬರುವುದಿಲ್ಲ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಅಕ್ಯುಪಂಕ್ಚರ್ ಮಾಡುವವರಿಗೆ ರಾಜ್ಯದ ಲೈಸೆನ್ಸ್ ಇರಬಹುದು, ಅದೇ ವಿಷಯದಲ್ಲಿ ಮಾಸ್ಟರ್ಸ್ ಡಿಗ್ರಿಯೂ ಇರಬಹುದು, ಆದರೂ ಅವರು ಮೆಡಿಕೇರ್‌ಗೆ ನೇರವಾಗಿ ಬಿಲ್ ಕಳಿಸುವಂತಿಲ್ಲ. ಡಾಕ್ಟರೋ ನರ್ಸ್ ಪ್ರಾಕ್ಟೀಷನರೋ (ಹೆಚ್ಚಿನ ತರಬೇತಿ ಪಡೆದು ತಾವೇ ಚಿಕಿತ್ಸೆ ಕೊಡುವ ನರ್ಸ್) ಮೇಲ್ವಿಚಾರಣೆ ಮಾಡಬೇಕು, ಬಿಲ್ಲೂ ಆ ಕಡೆಯಿಂದಲೇ ಹೋಗಬೇಕು. ವಿಚಿತ್ರ ನಿಯಮ, ಅಲ್ವಾ? ಹೀಗಾಗಿ ಎಷ್ಟೇ ಕೈಗುಣ ಇರುವವರಾದರೂ ಒಬ್ಬರೇ ಕ್ಲಿನಿಕ್ ಇಟ್ಟುಕೊಂಡಿದ್ದರೆ ಪೂರ್ತಿ ದುಡ್ಡು ನಿಮ್ಮ ಜೇಬಿನದೇ. ದೊಡ್ಡ ಆಸ್ಪತ್ರೆಗಳ ಇಂಟಿಗ್ರೇಟಿವ್ ಮೆಡಿಸಿನ್ ವಿಭಾಗದಲ್ಲಿ (ಮಾಮೂಲಿ ಚಿಕಿತ್ಸೆಯ ಜೊತೆಗೆ ಅಕ್ಯುಪಂಕ್ಚರ್‌ನಂಥವನ್ನೂ ಕೊಡುವ ಕಡೆ) ಮೊದಲು ವಿಚಾರಿಸಿ. ಫೋನಿನಲ್ಲಿ ಸುಮ್ನೆ ‘ಮೆಡಿಕೇರ್ ತಗೋತೀರಾ?’ ಅಂದರೆ ಸಾಲದು. ‘ಸೊಂಟನೋವಿನ ಅಕ್ಯುಪಂಕ್ಚರ್‌ಗೆ ಮೆಡಿಕೇರ್‌ಗೆ ಬಿಲ್ ಯಾರು ಕಳಿಸ್ತಾರೆ?’ ಅಂತಲೇ ಕೇಳಿ. ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್ (ಖಾಸಗಿ ಕಂಪನಿಗಳ ಮೂಲಕ ಸಿಗುವ ಮೆಡಿಕೇರ್) ಇದ್ದರೆ, ಆ ಕಂಪನಿ ಒಪ್ಪುವ ಡಾಕ್ಟರು, ಕ್ಲಿನಿಕ್‌ಗಳ ನೆಟ್‌ವರ್ಕ್ ಪಟ್ಟಿ ನೋಡಿ. ಇಂಥ ಕೆಲವು ಪ್ಲಾನುಗಳು ಬೇರೆ ನೋವಿಗೂ ಕೊಡುತ್ತವೆ.

90 ದಿನದೊಳಗೆ 12 ಸಲ ಹೋಗಬಹುದು. ಗುಣ ಕಂಡರೆ ಇನ್ನೂ 8 ಸಲ. ವರ್ಷಕ್ಕೆ 20 ದಾಟುವಂತಿಲ್ಲ. ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಆದ್ದರಿಂದ ಒಂದು ಡೈರಿ ಇಡಿ. ‘ಪರವಾಗಿಲ್ಲ’ ಅಂತ ಬರೆದರೆ ಉಪಯೋಗವಿಲ್ಲ. ದೋಸೆ ಹುಯ್ಯುತ್ತಾ ಎಷ್ಟು ನಿಮಿಷ ನಿಲ್ಲಲು ಆಯಿತು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಅಂಥದ್ದನ್ನು ಬರೆಯಿರಿ. ಡಿಡಕ್ಟಬಲ್ (ವರ್ಷದಲ್ಲಿ ಮೊದಲು ನೀವೇ ಕೊಡಬೇಕಾದ ಮೊತ್ತ) ಮುಗಿದ ಮೇಲೆ ಶೇ 20ರಷ್ಟು ನೀವು ಕಟ್ಟಬೇಕು.

ಹೋಗುವ ದಿನ ಸ್ವಲ್ಪ ತಿಂದು ಹೋಗಲಿ. ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದರೂ ಹೇಳಿ, ಯಾಕೆಂದರೆ ಸೂಜಿಗೆ ಸಣ್ಣ ಕರೆಂಟ್ ಕೊಡುವ ಪದ್ಧತಿಯೂ ಇದೆ. ಸೂಜಿ ಒಂದೇ ಸಲ ಬಳಸುವಂಥದ್ದಾಗಿರಬೇಕು. ಗಿಡಮೂಲಿಕೆ ಪುಡಿ ಕೊಟ್ಟರೆ ಡಾಕ್ಟರಿಗೆ ತೋರಿಸದೆ ಬೇಡ, ಅದರ ಖರ್ಚೂ ಮೆಡಿಕೇರ್‌ಗೆ ಬರುವುದಿಲ್ಲ. ಊರಿಂದ ಸೂಟ್‌ಕೇಸಿನಲ್ಲಿ ಬಂದ ಚೂರ್ಣದ ಬಗ್ಗೆಯೂ ಬಾಯಿ ಬಿಡಿ!

ಮೆಡಿಕೇರ್ ಇಲ್ಲದವರಿಗೂ ದಾರಿ ಇದೆ. ಅಕ್ಯುಪಂಕ್ಚರ್ ಕಾಲೇಜುಗಳ ಕ್ಲಿನಿಕ್‌ನಲ್ಲಿ ಮೇಷ್ಟ್ರ ಕಣ್ಣೆದುರೇ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುತ್ತಾರೆ, ದುಡ್ಡು ಕಡಿಮೆ. ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿರುವ ವರ್ಕಿಂಗ್ ಕ್ಲಾಸ್ ಅಕ್ಯುಪಂಕ್ಚರ್‌ನಂಥ ಸಮುದಾಯ ಕ್ಲಿನಿಕ್‌ಗಳಲ್ಲಿ ಶಕ್ತಿಗೆ ತಕ್ಕಂತೆ ಕೊಟ್ಟರಾಯಿತು. ಒಂದೇ ಹಾಲ್‌ನಲ್ಲಿ ಸಾಲಾಗಿ ಒರಗು ಕುರ್ಚಿ, ಸೂಜಿ ಹೆಚ್ಚಾಗಿ ಕೈ, ಕಾಲು, ಕಿವಿ, ತಲೆಗೆ. ಅಮ್ಮ ಸೀರೆ ಬದಲಿಸುವ ಗೋಜಿಲ್ಲ. ಪಕ್ಕದ ಕುರ್ಚಿಯವರ ಗೊರಕೆ ಮಾತ್ರ ಸಹಿಸಿಕೊಳ್ಳಬೇಕು.