ಮಾಳಿಗೆಗೆ ಸುಣ್ಣ ಹೊಡೆದು ಮನೆ ತಣ್ಣಗೆ ಮಾಡ್ಕೊಂಡ ಕಥೆ

ರಾಯಚೂರಲ್ಲಿ ನಂದು ಮೋಟಾರ್ ವೈಂಡಿಂಗ್ ಅಂಗಡಿ. ನಮ್ಮ ಮನೆ ಇರೋದು ಮೇಲಿನ ಮಹಡೀಲಿ, ತಲೆ ಮೇಲೆ 5 ಇಂಚಿನ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಸೀದಾ ಸೂರ್ಯನೇ. ಏಪ್ರಿಲ್ ಬಂತಂದ್ರೆ ರಾತ್ರಿ ಒಂಬತ್ತು ಗಂಟೆಗೆ ಓಣೀಲಿ ಸ್ವಲ್ಪ ಗಾಳಿ ಆಡ್ತಿರುತ್ತೆ, ಜನ ಕಟ್ಟೆ ಮೇಲೆ ಆರಾಮಾಗಿ ಕೂತಿರ್ತಾರೆ, ನಮ್ಮನೆ ಒಳಗೆ ಕಾಲಿಟ್ರೆ ರೊಟ್ಟಿ ಹಂಚನ್ನ ಯಾರೋ ತಲೆ ಮೇಲೆ ಬೋರಲು ಹಾಕಿದಂಗೆ. ಬಿಸಿಲು ಮುಳುಗಿ ಎರಡೂವರೆ ತಾಸಾದ್ಮೇಲೂ ಈ ಕಾವು ಎಲ್ಲಿಂದ ಬರುತ್ತೆ ಅಂತ ಎಷ್ಟೋ ವರ್ಷ ತಲೆ ಕೆಡಿಸಿಕೊಳ್ಳದೇ ಫ್ಯಾನ್ ಐದಕ್ಕಿಟ್ಟು ಬೈಕೊಂಡು ಮಲಗ್ತಿದ್ದೆ. ಅವ್ವ ಮಾತ್ರ ಮಂಚ ಬಿಟ್ಟು ಕೆಳಗೆ ಶಹಾಬಾದಿ ಪರ್ಸಿ ಮೇಲೆ ಬರೀ ಸೀರೆ ಹಾಸ್ಕೊಂಡು ಮಲಗೋರು. "ಕಾವು ಮ್ಯಾಲಿಂದ ಬರ್ತದಪ್ಪಾ, ನೀ ಗಾಳಿ ತಿರುವಿದ್ರ ಏನ್ ಆಗ್ತದ?" ಅಂತಿದ್ರು. ನಾನು ಕೇಳಿಸ್ಕೊಳ್ಳಲಿಲ್ಲ, ಮಷೀನು ಹೇಳಿದ್ರೇನೇ ನಂಬೋ ಜಾತಿ ನಂದು.

ಮಷೀನು ಅಂದ್ರೆ ಗನ್ ಥರ್ಮಾಮೀಟರು, ಮುಟ್ಟದೇ ದೂರದಿಂದ್ಲೇ ವಸ್ತು ಬಿಡೋ ಕಿರಣ ನೋಡಿ ಬಿಸಿ ಎಷ್ಟು ಅಂತ ಹೇಳೋದು. ಮೋಟಾರಿನ ಬೇರಿಂಗು, ಪ್ಯಾನೆಲ್ ಜಾಯಿಂಟು ಬಿಸಿ ಆಗಿದೆಯಾ ನೋಡೋಕೆ ಇಟ್ಕೊಂಡಿದ್ದು. ಒಂದು ರಾತ್ರಿ ಸುಮ್ನೆ ಮಲಗಿದಲ್ಲಿಂದ್ಲೇ ಛತ್ತಿಗೆ ಗುರಿ ಇಟ್ಟೆ, 42 ತೋರಿಸ್ತು. ಗೋಡೆ 36, ನೆಲ 33. ಆಗ ಎದ್ದು ಕೂತೆ. ಒಲೆ ಮುಂದೆ ಕೂತಾಗ ಮುಖ ಚುರ್ ಅನ್ನುತ್ತೆ, ಬೆನ್ನು ಹಾಗೇ ಇರುತ್ತೆ ಅಲ್ವಾ, ನಡುವಿನ ಗಾಳಿ ಕಾದಿದ್ದಕ್ಕೆ ಮುಖ ಸುಡ್ತಿದೆ ಅಂತಲ್ಲ, ಬೆಂಕಿಯ ಕಾವು ಕಿರಣವಾಗಿ ಸೀದಾ ಬಂದು ಮೈಗೆ ತಾಗ್ತಿರುತ್ತೆ. ನಮ್ಮ ಛತ್ತೂ ಹಾಗೇ, ಬೆಂಕಿ ಇಲ್ಲದ ಒಲೆ. ಫ್ಯಾನು ಬೆವರು ಆರಿಸುತ್ತೆ ಅಷ್ಟೇ, ಆ ಕಿರಣ ತಡೆಯೋಕೆ ಅದಕ್ಕೆ ಆಗಲ್ಲ, ಮೇಲಾಗಿ ಛತ್ತಿನ ಹತ್ತಿರ ಕೂಡಿದ ಬಿಸಿಗಾಳಿನೂ ಕೆಳಗೆ ತಳ್ಳುತ್ತೆ. ಅವ್ವ ಪರ್ಸಿ ಮೇಲೆ ಯಾಕೆ ಮಲಗ್ತಾರೆ ಅನ್ನೋದೂ ಆಗ್ಲೇ ತಿಳೀತು, ಕಲ್ಲು ಮೈಗಿಂತ ತಣ್ಣಗಿದ್ರೆ ಮೈಶಾಖ ಅದಕ್ಕೆ ಹರಿದು ಹೋಗುತ್ತೆ, ಹತ್ತಿ ಗಾದಿ ಅದನ್ನ ಬಿಡಲ್ಲ.

(ಗನ್ ಇರೋರಿಗೆ ಒಂದು ಮಾತು, ಹೊಳೆಯೋ ತಗಡಿಗೆ, ಸ್ಟೀಲಿಗೆ ಹಿಡಿದ್ರೆ ಅದು ಸುಳ್ಳು ಹೇಳುತ್ತೆ. ಹೊಳಪಿರೋ ಲೋಹ ಕಿರಣ ಬಿಡೋದೇ ಕಮ್ಮಿ, ಅದಕ್ಕೆ ಕಮ್ಮಿ ಡಿಗ್ರಿ ತೋರಿಸುತ್ತೆ, ಮುಟ್ಟಿದ್ರೆ ಬೆರಳು ಸುಡುತ್ತೆ. ನಾವು ಬಸ್‌ಬಾರಿಗೆ, ಅಂದ್ರೆ ಪ್ಯಾನೆಲ್ ಒಳಗೆ ಕರೆಂಟ್ ಹರಿಯೋ ಲೋಹದ ಪಟ್ಟಿಗೆ, ಲೈನ್ ಆಫ್ ಮಾಡಿ ಒಂದು ತುಂಡು ಕರಿ ಟೇಪ್ ಅಂಟಿಸಿ, ಲೋಡ್ ಬಂದ್ಮೇಲೆ ದೂರದಿಂದ ಟೇಪಿಗೆ ಗನ್ ಹಿಡೀತೀವಿ.)

ಮಾರನೇ ದಿನ ಅಂಗಡೀಲಿ ಬಿಲ್ ಬುಕ್ ಹಿಂದೆ ಲೆಕ್ಕ ಹಾಕ್ದೆ. ಮಾಳಿಗೆ 600 ಚದರಡಿ, ಅಂದ್ರೆ ಸುಮಾರು 55 ಚದರ ಮೀಟರು. ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಹತ್ತಿರ ಹತ್ತಿರ 1 ಕಿಲೋವ್ಯಾಟ್ ಬಿಸಿಲು ಬೀಳುತ್ತೆ, ಅಂದ್ರೆ 55 ಇಸ್ತ್ರಿ ಪೆಟ್ಟಿಗೆ ಆನ್ ಮಾಡಿ ಮಾಳಿಗೆ ತುಂಬಾ ಸಾಲಾಗಿ ಇಟ್ಟಂಗೆ! ಆ ಸ್ಲ್ಯಾಬಿನ ತೂಕ ಸುಮಾರು 17 ಟನ್, ಅಷ್ಟು ಕಾಂಕ್ರೀಟು ಬರೀ 10 ಡಿಗ್ರಿ ಇಳೀಬೇಕಂದ್ರೆ 40 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ) ಶಾಖ ಬಿಡ್ಬೇಕು. ಒಂದಿಷ್ಟು ಮೇಲಕ್ಕೆ ಆಕಾಶಕ್ಕೆ ಹೋಗುತ್ತೆ, ಉಳಿದಿದ್ದು ನಮ್ಮ ಮೇಲೆ. ಒಂದೂವರೆ ಟನ್ ಏಸಿ ಎಂಟು ತಾಸು ಎಡೆಬಿಡದೆ ಓಡಿದ್ರೆ ತೆಗೆಯೋದೂ ಹೆಚ್ಚುಕಮ್ಮಿ ಅಷ್ಟೇ 40 ಯೂನಿಟ್ ಶಾಖ. ಏಸಿ ಆಸೆ ಅವತ್ತೇ ಬಿಟ್ಟೆ.

ಮೊದಲು ಎಲ್ಲರಂಗೆ ಸಂಜೆ ಐದಕ್ಕೆ ನೀರು ಹೊಡೆದು ನೋಡಿದೆ. ಚುಸ್ ಅಂತ ಹಬೆ ಎದ್ದು ಮಣ್ಣಿನ ವಾಸನೆ ಬರುತ್ತೆ, ಮನಸ್ಸಿಗೆ ಖುಷಿ, ಆದ್ರೆ ಅರ್ಧ ನೀರು ಪೈಪಿಂದ ಕೆಳಗಿಳಿದು ಓಣಿ ಸೇರ್ತಿತ್ತು, ಒಳಗಿನ ಛತ್ತಿಗೆ ಅಂಥಾ ಫರಕ್ಕೇನೂ ಬೀಳಲಿಲ್ಲ. ಯಾಕಂದ್ರೆ ಮಧ್ಯಾಹ್ನದ ಕಾವು ಸ್ಲ್ಯಾಬ್ ದಾಟಿ ಕೆಳಗೆ ಬರೋಕೆ ಮೂರ್ನಾಲ್ಕು ತಾಸು ತಗೊಳ್ಳುತ್ತೆ, ನಾನು ನೀರು ಹೊಡಿಯೋ ಹೊತ್ತಿಗೆ ಅದು ಆಗ್ಲೇ ಒಳಗೆ ಬಂದು ಕೂತಿರ್ತಿತ್ತು. ನೀರು ದಡ್ಡತನದ ಉಪಾಯ ಅಂತ ಹೇಳ್ತಿಲ್ಲ, ಒಂದು ಲೀಟರ್ ನೀರು ಆವಿಯಾಗೋವಾಗ ಅರ್ಧ ಯೂನಿಟ್‌ಗಿಂತ ಜಾಸ್ತಿನೇ ಶಾಖ ಎತ್ಕೊಂಡು ಹೋಗುತ್ತೆ, ಬೆಳಿಗ್ಗೆಯಿಂದ ಗೋಣಿಚೀಲ ಹಾಸಿ ಒದ್ದೆ ಇಟ್ರೆ ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಬೇಸಿಗೇಲಿ ಕುಡಿಯೋಕೇ ಟ್ಯಾಂಕರ್ ಕಾಯೋ ಓಣೀಲಿ ಮಾಳಿಗೆಗೆ ನೀರು ಕುಡಿಸಿದ್ರೆ ಪಕ್ಕದ ಮನೆಯವರು ಸುಮ್ನಿರ್ತಾರಾ?

ಹಾಗಾಗಿ ಸುಣ್ಣ. ಕಾವು ಒಳಗೆ ಬಂದ್ಮೇಲೆ ಹೊರಗೆ ಹಾಕೋಕಿಂತ ಬಾಗಿಲಲ್ಲೇ ವಾಪಸ್ ಕಳಿಸೋದು. ಸುಟ್ಟ ಸುಣ್ಣದ ಕಲ್ಲು 25 ಕೆಜಿ ತಂದೆ, ಮೊದಲನೇ ತಪ್ಪು ಅಲ್ಲೇ ಆಯ್ತು, ಪ್ಲಾಸ್ಟಿಕ್ ಬಕೆಟ್ಟಲ್ಲಿ ಹಾಕಿ ಮೇಲಿಂದ ನೀರು ಸುರಿದೆ. ಎರಡು ನಿಮಿಷಕ್ಕೆ ಕೊತಕೊತ ಕುದಿಯೋಕೆ ಶುರುವಾಗಿ ಬಕೆಟ್ ತಳ ಮೆತ್ತಗಾಗಿ ಸೊಟ್ಟ ತಿರುಗ್ತು, ಒಂದು ಹನಿ ಕಣ್ಣಿಗೆ ಸಿಡಿದಿದ್ರೆ ಇವತ್ತು ಇದನ್ನ ಬರೀತಿರ್ಲಿಲ್ಲ. ಕಬ್ಬಿಣದ ಡ್ರಮ್ಮೇ ಬೇಕು, ಮೊದಲು ನೀರು, ಆಮೇಲೆ ಕಲ್ಲು ಒಂದೊಂದೇ, ಕಣ್ಣಿಗೆ ಕನ್ನಡಕ, ಮಕ್ಕಳು ಹತ್ತಿರ ಬರಬಾರದು. ಒಂದು ರಾತ್ರಿ ಬಿಟ್ಟು ಬಟ್ಟೇಲಿ ಸೋಸಿ, ಸ್ವಲ್ಪ ಫೆವಿಕಾಲ್ ಕಲಸಿದೆ, ಇಲ್ದಿದ್ರೆ ಕಾಲಿಗೆ ಕೈಗೆ ಪುಡಿ ಮೆತ್ತುತ್ತೆ. ಮಾಳಿಗೆ ಗುಡಿಸಿ, ತೊಳೆದು, ಇನ್ನೂ ಹಸಿ ಇರುವಾಗ್ಲೇ ಬೆಳಿಗ್ಗೆ ಆರಕ್ಕೆ ಶುರು ಮಾಡ್ಬೇಕು, ಕಾದ ಸ್ಲ್ಯಾಬಿನ ಮೇಲೆ ಹೊಡೆದ್ರೆ ಅದು ನೀರನ್ನ ಹೀರ್ಕೊಂಡು ಸುಣ್ಣ ಪುಡಿಯಾಗಿ ಎದ್ದು ಬರುತ್ತೆ. ಹೊಡಿಯುವಾಗ ನೀರಿನಂಗೆ ಕಾಣುತ್ತೆ, ಇದೇನು ಬೆಳ್ಳಗೇ ಆಗ್ಲಿಲ್ವಲ್ಲ ಅಂತ ದಪ್ಪ ಮಾಡೋಕೆ ಹೋಗ್ಬೇಡಿ, ಒಣಗಿದ್ಮೇಲೆ ತಾನೇ ಬೆಳ್ಳಗಾಗುತ್ತೆ. ತೆಳುವಾಗಿ ಎರಡು ಕೋಟು, ನಡುವೆ ಒಂದು ದಿನ ಬಿಟ್ಟೆ.

ಮೊದಲು ಮಧ್ಯಾಹ್ನ ಎರಡು ಗಂಟೆಗೆ ಮಾಳಿಗೆ ಮೇಲ್ಮೈ 61 ಇರ್ತಿತ್ತು, ಸುಣ್ಣ ಆದ್ಮೇಲೆ ಅಂಥದ್ದೇ ಬಿಸಿಲಲ್ಲಿ 45. ಒಳಗೆ ರಾತ್ರಿ ಒಂಬತ್ತಕ್ಕೆ ಛತ್ತು 42ರಿಂದ 37ಕ್ಕೆ ಇಳೀತು. ಐದು ಡಿಗ್ರಿ ತಾನೇ ಅನ್ನಬಹುದು, ಮಲಗಿ ನೋಡಿದೋರಿಗೆ ಗೊತ್ತು. ಅವ್ವ ಮಂಚಕ್ಕೆ ವಾಪಸ್ ಬಂದ್ರು, "ನಾ ಹೇಳಿದ್ನಿಲ್ಲ" ಅಂತ ಒಂದು ಮಾತು ಅಂದು ಗೋಡೆ ಕಡೆ ತಿರುಗಿ ಮಲಗಿದ್ರು.

ತೊಂದರೆನೂ ಇದೆ. ಎದುರುಮನೆ ಮೇಲಿನ ಕಿಟಕಿಗೆ ಮಧ್ಯಾಹ್ನ ಕಣ್ಣು ಕುಕ್ಕುತ್ತಂತೆ, ಅವರು ಪರದೆ ಹಾಕ್ಕೊಂಡಿದ್ದಾರೆ, ಮಾತು ಸ್ವಲ್ಪ ಕಮ್ಮಿಯಾಗಿದೆ. ಮಳೆಗೆ, ಧೂಳಿಗೆ ಬಣ್ಣ ಮಾಸುತ್ತೆ, ಮುಂದಿನ ಬೇಸಿಗೆ ಹೊತ್ತಿಗೆ 52 ತೋರಿಸ್ತಿತ್ತು, ಅದಕ್ಕೇ ವರ್ಷಾವರ್ಷ ಯುಗಾದಿಗೆ ಮುಂಚೆ ಒಂದು ಕೋಟು ಹೊಡೀತೀನಿ. ಅದೇ ಸುಣ್ಣ ಕರಿ ನೀರಿನ ಟ್ಯಾಂಕಿಗೂ ಬಳಿದೆ, ಪ್ಲಾಸ್ಟಿಕ್ಕಿಗೆ ಹಿಡೀಲಿಲ್ಲ, ಹದಿನೈದೇ ದಿನಕ್ಕೆ ಹಪ್ಪಳದಂಗೆ ಉದುರ್ತು. ಸದ್ಯಕ್ಕೆ ಗೋಣಿಚೀಲ ಸುತ್ತಿದೀನಿ, ಸಂಜೆ ನಲ್ಲಿ ತಿರುಗಿಸಿದ್ರೆ ಮೊದಲ ಎರಡು ಬಕೆಟ್ ಇನ್ನೂ ಚಹಾ ಮಾಡೋ ಹಂಗೇ ಬರ್ತಿದೆ.